ಎದೆ ಭಾರವಿರುವ ತಾಯಂದಿರು ಹಾಲೂಡಿಸುವ ಬಗೆ

ಹೆರಿಗೆ ವಾರ್ಡಿನ ಗೋಡೆಗೆ ಅಂಟಿಸಿರುವ ಚಿತ್ರಗಳಲ್ಲಿ ತಾಯಿ ಬೆನ್ನು ನೆಟ್ಟಗಿರಿಸಿ ಕುಳಿತಿರುತ್ತಾಳೆ, ಮಗುವಿನ ತಲೆ ಅವಳ ಮೊಣಕೈ ಮಡಿಕೆಯಲ್ಲಿರುತ್ತದೆ, ಇನ್ನೊಂದು ಕೈ ಮಗುವಿನ ಕೆನ್ನೆ ಸವರುವಷ್ಟು ಬಿಡುವಾಗಿರುತ್ತದೆ. ಮೊದಲೇ ದೊಡ್ಡದಾಗಿದ್ದ ಎದೆ ಹೆರಿಗೆಯಾದ ಮೂರನೆಯ ನಾಲ್ಕನೆಯ ದಿನಕ್ಕೆ ಹಾಲು ತುಂಬಿ ಮತ್ತಷ್ಟು ಭಾರವಾದಾಗ, ಬಾಣಂತಿಯೊಬ್ಬಳು ಆ ಚಿತ್ರದಲ್ಲಿರುವಂತೆಯೇ ಕುಳಿತರೆ ಏನಾಗುತ್ತದೆ ಎಂಬುದನ್ನು ನಾನು ಚೆನ್ನಾಗಿ ಬಲ್ಲೆ. ಮಗುವಿನ ತಲೆ ಮೊಣಕೈಯಲ್ಲಿದ್ದರೆ ಬಾಯಿ ತೊಟ್ಟಿಗೆ ಎಟುಕುವುದಿಲ್ಲ. ಎದೆಯನ್ನು ಎತ್ತಿ ಹಿಡಿಯಲು ಒಂದು ಕೈ, ಮಗುವನ್ನು ಹಿಡಿಯಲು ಇನ್ನೊಂದು ಕೈ ಬೇಕಾಗುತ್ತದೆ. ಕೂಸು ಸರಿಯಾಗಿ ಬಾಯಿ ಹಾಕಿದೆಯೇ ಎಂದು ಬಗ್ಗಿ ನೋಡಿದರೆ ಎದೆಯೇ ಅಡ್ಡವಾಗಿ ಏನೂ ಕಾಣಿಸುವುದಿಲ್ಲ. ಎತ್ತಿ ಹಿಡಿದ ಕೈ ಸೋತು ಸ್ವಲ್ಪ ಸಡಿಲವಾದರೆ ಸಾಕು, ಎದೆಯ ಭಾರವೆಲ್ಲ ಮಗುವಿನ ಗಲ್ಲದ ಮೇಲೆ ಬಿದ್ದು ಬಾಯಿಂದ ತೊಟ್ಟು ಜಾರುತ್ತದೆ, ಜಾರುವಾಗ ವಸಡಿಗೆ ಸಿಕ್ಕಿ ನೋಯುತ್ತದೆ.

ಎರಡು ಮಕ್ಕಳಿಗೆ ಹಾಲೂಡಿಸಿದ ತಾಯಿಯಾಗಿ, ಆ ದಿನಗಳಲ್ಲಿ ಕೇಳಿ, ಓದಿ, ವೈದ್ಯರೊಂದಿಗೂ ದಾದಿಯರೊಂದಿಗೂ ಮಾತಾಡಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮಲ್ಲಿ ಬಾಣಂತನದ ಬಗ್ಗೆ ಹೇಳುವವರಿಗೆ ಕೊರತೆಯಿಲ್ಲ. ಸಬ್ಬಸಿಗೆ ಸೊಪ್ಪಿನ ಸಾರಿನಿಂದ ಹಿಡಿದು ಅಂಟಿನ ಉಂಡೆಯವರೆಗೆ, ಕಿವಿಗೆ ಹತ್ತಿ ಇಡುವುದರಿಂದ ಹಿಡಿದು ಸೊಂಟ ಕಟ್ಟುವವರೆಗೆ ಎಲ್ಲದಕ್ಕೂ ಮನೆಯಲ್ಲಿ ಒಬ್ಬರಿಗಿಂತ ಹೆಚ್ಚು ಬಲ್ಲವರಿರುತ್ತಾರೆ. ಆದರೆ ಎದೆಯ ಗಾತ್ರದ ಮಾತು ಬಂದರೆ ಎಲ್ಲರೂ ಸಂಕೋಚದಿಂದ ಸುಮ್ಮನಾಗುತ್ತಾರೆ, ಇಲ್ಲವೇ ಮನಸ್ಸು ನೋಯುವ ಮಾತೊಂದನ್ನು ಆಡಿಬಿಡುತ್ತಾರೆ. ದಾವಣಗೆರೆಯ ತವರುಮನೆಯಲ್ಲಿ ಮಗು ನೋಡಲು ಬಂದಿದ್ದ ನನ್ನ ಸೋದರತ್ತೆ, ಕೂಸು ಅಳುತ್ತಿದ್ದುದನ್ನು ಕಂಡು, "ಇಷ್ಟು ಎದಿ ತುಂಬೈತಿ, ಮತ್ತೆ ಕೂಸಿಗೆ ಹಾಲು ಸಾಲಂಗಿಲ್ಲ ಅಂದ್ರ ಹೆಂಗವ್ವ?" ಎಂದಿದ್ದರು. ಅವರಿಗೆ ನೋಯಿಸುವ ಉದ್ದೇಶವಿರಲಿಲ್ಲ. ಆದರೆ ಆ ಮಾತಿನ ಹಿಂದಿರುವ ನಂಬಿಕೆ ತಪ್ಪು, ಮತ್ತು ಅದನ್ನು ತಿದ್ದಿಕೊಳ್ಳುವುದು ಮೊದಲ ಕೆಲಸ.

ಎದೆ ಹೊರಗಿನಿಂದ ದೊಡ್ಡದಾಗಿ ಕಾಣುವುದಕ್ಕೆ ಬಹುಮಟ್ಟಿಗೆ ಒಳಗಿರುವ ಕೊಬ್ಬು ಕಾರಣ. ಹಾಲನ್ನು ತಯಾರಿಸುವುದು ಗ್ರಂಥಿಗಳು. ಆದ್ದರಿಂದ ಎದೆ ದೊಡ್ಡದಿದ್ದರೆ ಹಾಲು ಹೆಚ್ಚು, ಚಿಕ್ಕದಿದ್ದರೆ ಕಡಿಮೆ ಎಂಬ ಲೆಕ್ಕಕ್ಕೆ ಆಧಾರವಿಲ್ಲ. ಮಗು ಎಷ್ಟು ಸಲ, ಎಷ್ಟು ಚೆನ್ನಾಗಿ ಕುಡಿದು ಎದೆಯನ್ನು ಬರಿದು ಮಾಡುತ್ತದೆಯೋ ಅದಕ್ಕೆ ತಕ್ಕಂತೆ ಹಾಲು ಹೊಸದಾಗಿ ಊರುತ್ತದೆ. ಹೆತ್ತವಳ ತೂಕ ಬಹಳ ಹೆಚ್ಚಿದ್ದರೆ, ಮಧುಮೇಹವಿದ್ದರೆ ಅಥವಾ ಸಿಸೇರಿಯನ್ ಆಗಿದ್ದರೆ ಹಾಲು ತುಂಬಿಕೊಳ್ಳುವುದು ಒಂದೆರಡು ದಿನ ತಡವಾಗಬಹುದು. ಅಂಥವರು ಮಗುವನ್ನು ಇನ್ನೂ ಹೆಚ್ಚು ಸಲ ಎದೆಗೆ ಹಾಕಿಕೊಳ್ಳಬೇಕೇ ಹೊರತು ಕಂಗೆಡಬೇಕಿಲ್ಲ. ಹಾಲು ಸಾಲುತ್ತಿದೆಯೇ ಎಂಬುದಕ್ಕೆ ಎದೆಯನ್ನು ನೋಡುವ ಬದಲು ಮಗುವನ್ನು ನೋಡಬೇಕು. ಐದನೆಯ ದಿನದ ನಂತರ ದಿನಕ್ಕೆ 6 ಸಲವಾದರೂ ಉಚ್ಚೆ ಹೊಯ್ಯುತ್ತಿದ್ದರೆ, ಹುಟ್ಟಿದಾಗ ಇದ್ದು ಆಮೇಲೆ ಸ್ವಲ್ಪ ಇಳಿದ ತೂಕ ಸುಮಾರು ಎರಡು ವಾರದೊಳಗೆ ಮರಳಿ ಬಂದಿದ್ದರೆ, ಮಗುವಿಗೆ ಸಾಕಷ್ಟು ಹಾಲು ಸಿಗುತ್ತಿದೆ ಎಂದೇ ಅರ್ಥ. ಹಿಂದೆ ಎದೆಯ ಗಾತ್ರವನ್ನು ಕಡಿಮೆ ಮಾಡಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಮಾತ್ರ ಅದನ್ನು ಹೆರಿಗೆಗೆ ಮೊದಲೇ ವೈದ್ಯರಿಗೆ ತಿಳಿಸಬೇಕು, ಏಕೆಂದರೆ ಅದರಲ್ಲಿ ಹಾಲಿನ ನಾಳಗಳು ಕತ್ತರಿಸಿಹೋಗಿರುವ ಸಾಧ್ಯತೆ ಇರುತ್ತದೆ.

ಇನ್ನು ಕುಳಿತುಕೊಳ್ಳುವ ವಿಷಯ. ವಾರ್ಡಿನಲ್ಲಿದ್ದ ಹಿರಿಯ ನರ್ಸ್ ಒಬ್ಬರು ನನಗೆ ಹೇಳಿದ್ದು ಒಂದೇ ಮಾತು: "ಮೊಲೇನ ಕೂಸಿನ ಹತ್ರ ಒಯ್ಯಬೇಡಮ್ಮ, ಕೂಸನ್ನ ಮೊಲೆ ಹತ್ರ ತಗೊಂಬಾ." ಎದೆ ಭಾರವಿರುವವರಿಗೆ ಇದಕ್ಕಿಂತ ಉಪಯುಕ್ತವಾದ ಸೂಚನೆಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಒಳಉಡುಪು ತೆಗೆದು, ಆರಾಮವಾಗಿ ಒರಗಿ ಕುಳಿತು, ಎದೆಯನ್ನು ತನ್ನಷ್ಟಕ್ಕೆ ತಾನು ಇಳಿಯಲು ಬಿಟ್ಟು, ತೊಟ್ಟು ಯಾವ ಕಡೆ ಮುಖ ಮಾಡಿದೆ ಎಂದು ನೋಡಿಕೊಳ್ಳಬೇಕು. ಕೆಲವರದು ನೇರ ಮುಂದಕ್ಕೆ, ಹಲವರದು ಕೆಳಕ್ಕೆ, ಇನ್ನು ಕೆಲವರದು ಪಕ್ಕಕ್ಕೆ ತಿರುಗಿರುತ್ತದೆ; ಎಡ ಬಲ ಎರಡೂ ಒಂದೇ ತರಹ ಇರಬೇಕೆಂದೂ ಇಲ್ಲ. ಮಗುವಿನ ಬಾಯಿ ಬರಬೇಕಾದದ್ದು ಅಲ್ಲಿಗೆ. ಎದೆಯನ್ನು ಅದರ ಜಾಗದಿಂದ ಮೇಲೆತ್ತಿ ಮಗುವಿನ ಬಾಯಿಗೆ ಇಟ್ಟರೆ, ಹಾಲೂಡಿಸುವಷ್ಟು ಹೊತ್ತೂ, ಅಂದರೆ ಕೆಲವೊಮ್ಮೆ ಮುಕ್ಕಾಲು ಗಂಟೆ, ಹಾಗೆಯೇ ಎತ್ತಿ ಹಿಡಿದಿರಬೇಕಾಗುತ್ತದೆ. ಅದು ಯಾರಿಂದಲೂ ಆಗುವ ಕೆಲಸವಲ್ಲ.

ಅಂಗಡಿಗಳಲ್ಲಿ ಸಿಗುವ, ಸೊಂಟವನ್ನು ಬಳಸುವ ದಪ್ಪ ಹಾಲೂಡಿಸುವ ದಿಂಬುಗಳ ಬಗ್ಗೆ ಎಚ್ಚರಿಕೆಯಿಂದ ಯೋಚಿಸಬೇಕೆಂದು ನನಗೆ ಅನ್ನಿಸುವುದು ಇದೇ ಕಾರಣಕ್ಕೆ. ತೊಟ್ಟು ತೊಡೆಯ ಹತ್ತಿರಕ್ಕೆ ಇಳಿದಿರುವವರಿಗೆ ಆ ದಿಂಬು ಮಗುವನ್ನು ಅಗತ್ಯಕ್ಕಿಂತ ಮೇಲಕ್ಕೆ ತರುತ್ತದೆ, ಎದೆಯೂ ದಿಂಬಿನ ಮೇಲೆ ಹರಡಿಕೊಂಡು ತೊಟ್ಟು ಒಳಗೆ ಸೇರಿಹೋಗುತ್ತದೆ. ತೊಡೆಯ ಮೇಲೆ ಎರಡು ಮೂರು ಮಡಿಕೆ ಮಾಡಿದ ತೆಳುವಾದ ಕೌದಿ ಸಾಕು. ಕೆಲವರಿಗೆ ಅದೂ ಬೇಡ. ದಿಂಬು ನಿಜವಾಗಿ ಬೇಕಾಗುವುದು ತಾಯಿಯ ಬೆನ್ನಿಗೆ ಮತ್ತು ಮಗುವನ್ನು ಹಿಡಿದ ಮೊಣಕೈಗೆ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವ ರೂಢಿಯಿರುವವರು ಗೋಡೆಗೆ ಒರಗಲೇಬೇಕು, ಇಲ್ಲವಾದರೆ ಎದೆಯ ಭಾರ ಬೆನ್ನನ್ನು ಮುಂದಕ್ಕೆ ಎಳೆದು ಸಂಜೆಯ ಹೊತ್ತಿಗೆ ಕತ್ತಿನಿಂದ ಸೊಂಟದವರೆಗೆ ನೋವು ಹಿಡಿದಿರುತ್ತದೆ.

ಎದೆ ಇದ್ದಲ್ಲಿಯೇ ನಿಲ್ಲಲು ಅದಕ್ಕೊಂದು ಆಸರೆ ಬೇಕು. ಕೈ ಒರೆಸುವ ಸಣ್ಣ ಟವೆಲನ್ನೋ ಹಳೆಯ ಪಂಚೆಯ ತುಂಡನ್ನೋ ಬಿಗಿಯಾಗಿ ಸುರುಳಿ ಸುತ್ತಿ, ಎದೆಯ ಕೆಳಗೆ, ಪಕ್ಕೆಲುಬಿಗೆ ತಾಗುವಂತೆ ಇಟ್ಟುಕೊಂಡರೆ ಎದೆ ಅದರ ಮೇಲೆ ಕೂರುತ್ತದೆ ಮತ್ತು ಒಂದು ಕೈ ಪೂರ್ತಿ ಬಿಡುವಾಗುತ್ತದೆ. ಸುರುಳಿಯ ದಪ್ಪ ಎದೆಯನ್ನು ಮೇಲೆತ್ತುವಷ್ಟು ಇರಬಾರದು. ಕೆಳಗಿನ ಟೊಳ್ಳನ್ನು ತುಂಬುವಷ್ಟಿದ್ದರೆ ಸಾಕು. ಇಷ್ಟು ಸಣ್ಣ ಉಪಾಯ ನನ್ನ ಹಗಲು ರಾತ್ರಿಗಳನ್ನೇ ಬದಲಾಯಿಸಿತೆಂದರೆ ಉತ್ಪ್ರೇಕ್ಷೆಯಾಗದು. ಹಳೆಯ ಹತ್ತಿಯ ದುಪಟ್ಟಾವನ್ನು ಎದೆಯ ಕೆಳಗಿನಿಂದ ತಂದು ಹೆಗಲ ಮೇಲೆ ಗಂಟು ಹಾಕಿ ಜೋಲಿಯಂತೆ ಮಾಡಿಕೊಳ್ಳುವವರೂ ಇದ್ದಾರೆ. ಅದರ ಭಾರ ಕತ್ತಿನ ಮೇಲೆ ಬೀಳುವುದರಿಂದ ಸ್ವಲ್ಪ ಹೊತ್ತಿಗೆ ಮಾತ್ರ ಅದು ಸರಿ.

ಭಂಗಿಗಳಲ್ಲಿ ಮೊದಲ ವಾರಗಳಿಗೆ ಹೆಚ್ಚು ಹೊಂದುವುದು ಮಗುವನ್ನು ಕಂಕುಳಡಿಯಲ್ಲಿ ಹಿಡಿಯುವ ಕ್ರಮ. ಬಲಗಡೆ ಹಾಲೂಡಿಸುವಾಗ ಮಗುವನ್ನು ಬಲಪಕ್ಕದಲ್ಲೇ, ಕಾಲುಗಳು ತಾಯಿಯ ಬೆನ್ನ ಕಡೆಗೆ ಬರುವಂತೆ, ಮಡಿಸಿದ ಹೊದಿಕೆಯ ಮೇಲೆ ಮಲಗಿಸಿ, ಬಲ ಮುಂಗೈಯ ಮೇಲೆ ಅದರ ಬೆನ್ನನ್ನು ಇರಿಸಿಕೊಂಡು, ಅಂಗೈಯಿಂದ ಭುಜ ಮತ್ತು ಕತ್ತಿನ ಬುಡವನ್ನು ಹಿಡಿಯಬೇಕು. ಹೀಗೆ ಹಿಡಿದಾಗ ಎಡಗೈ ಎದೆಗೆ ಬಿಡುವಾಗಿರುತ್ತದೆ, ಮಗುವಿನ ಮುಖ ಬೇರೆ ಭಂಗಿಗಳಿಗಿಂತ ಚೆನ್ನಾಗಿ ಕಾಣುತ್ತದೆ, ಎದೆಯ ಭಾರ ಮಗುವಿನ ಮೈಮೇಲೆ ಬೀಳುವುದಿಲ್ಲ. ಸಿಸೇರಿಯನ್ ಆದವರಿಗೆ ಹೊಲಿಗೆಯ ಮೇಲೆ ಮಗುವಿನ ತೂಕ ಬೀಳದಿರುವುದು ಇನ್ನೊಂದು ಅನುಕೂಲ. ಒಂದು ಸಂಗತಿಯನ್ನು ಮಾತ್ರ ಗಮನಿಸಬೇಕು. ಮಗುವಿನ ಅಂಗಾಲು ಹಿಂದಿನ ಗೋಡೆಗೋ ಕುರ್ಚಿಯ ಬೆನ್ನಿಗೋ ತಾಗಿದರೆ ಅದು ಕಾಲಿನಿಂದ ಒದ್ದು ಮೈಯನ್ನು ಬಿಲ್ಲಿನಂತೆ ಬಗ್ಗಿಸುತ್ತದೆ, ತೊಟ್ಟು ಬಾಯಿಂದ ಕಳಚಿ ಅಳು ಶುರುವಾಗುತ್ತದೆ, ಮನೆಯವರೆಲ್ಲ ಮಗು ಹಾಲು ಬೇಡವೆನ್ನುತ್ತಿದೆ ಎಂದು ತಿಳಿಯುತ್ತಾರೆ. ಬೆನ್ನ ಹಿಂದೆ ಒಂದು ದಿಂಬಿಟ್ಟು ತಾಯಿ ಸ್ವಲ್ಪ ಮುಂದಕ್ಕೆ ಸರಿದು ಕುಳಿತರೆ ಮಗುವಿನ ಕಾಲಿಗೆ ಜಾಗವಾಗಿ ಆ ತಾಪತ್ರಯ ತಪ್ಪುತ್ತದೆ.

ಬಿಡುವಾದ ಕೈಯಿಂದ ಎದೆಯನ್ನು ಹಿಡಿಯುವಾಗ ಹೆಬ್ಬೆರಳು ಒಂದು ಕಡೆ, ಉಳಿದ ನಾಲ್ಕು ಬೆರಳು ಇನ್ನೊಂದು ಕಡೆ ಇರಬೇಕು, ಮತ್ತು ಎಲ್ಲವೂ ತೊಟ್ಟಿನ ಸುತ್ತಲಿನ ಕಪ್ಪು ಭಾಗದಿಂದ ಸಾಕಷ್ಟು ಹಿಂದಿರಬೇಕು. ದೊಡ್ಡ ಎದೆಯಲ್ಲಿ ಬೆರಳುಗಳು ತಮಗೆ ತಿಳಿಯದಂತೆ ಮುಂದಕ್ಕೆ ಜಾರಿ ಮಗುವಿನ ತುಟಿ ಕೂರಬೇಕಾದ ಜಾಗವನ್ನೇ ಹಿಡಿದುಬಿಡುತ್ತವೆ. ಆ ಜಾಗವನ್ನು ಮೆಲ್ಲಗೆ ಒತ್ತಿ ಚಪ್ಪಟೆ ಮಾಡುವುದಾದರೆ ಮಗುವಿನ ತುಟಿ ಯಾವ ದಿಕ್ಕಿಗೆ ಅಗಲವಾಗಿದೆಯೋ ಅದೇ ದಿಕ್ಕಿಗೆ ಚಪ್ಪಟೆಯಾಗಬೇಕು. ತೊಟ್ಟಿನಿಂದ ಮಗುವಿನ ಮೇಲ್ದುಟಿಯನ್ನು ಸವರಿ, ಅದು ಆಕಳಿಸುವಷ್ಟು ಅಗಲಕ್ಕೆ ಬಾಯಿ ತೆರೆದ ಕ್ಷಣದಲ್ಲಿ, ಮಗುವನ್ನು ಭುಜದಿಂದ ಹತ್ತಿರಕ್ಕೆ ಎಳೆದುಕೊಳ್ಳಬೇಕು. ಗಲ್ಲ ಮೊದಲು ಎದೆಗೆ ತಾಗಬೇಕು.

ಸರಿಯಾಗಿ ಹಿಡಿದಿದೆಯೇ ಎಂದು ತಿಳಿಯಲು ಕನ್ನಡಿ ಬೇಕೆಂದು ನನಗೆ ಹೇಳಿಕೊಟ್ಟವರು ಯಾರೂ ಇರಲಿಲ್ಲ; ಬಾಣಂತಿ ಕೋಣೆಯ ಕಿಟಕಿಯಲ್ಲಿದ್ದ ಅಂಗೈಯಗಲದ ಕನ್ನಡಿಯನ್ನು ಬಿಸಿನೀರಿನ ಫ್ಲಾಸ್ಕಿಗೆ ಒರಗಿಸಿ ನಿಲ್ಲಿಸಿದಾಗ ಎದೆಯ ಕೆಳಬದಿಯೂ ಮಗುವಿನ ಬಾಯಿಯೂ ಮೊದಲ ಸಲ ಒಟ್ಟಿಗೆ ಕಂಡವು. ಕೆಳದುಟಿ ಹೊರಕ್ಕೆ ಮಡಚಿದೆಯೇ, ಗಲ್ಲ ಎದೆಗೆ ಒತ್ತಿದೆಯೇ, ತೊಟ್ಟಿನ ಸುತ್ತಲಿನ ಕಪ್ಪು ಭಾಗ ಬಾಯಿಯ ಕೆಳಗಿಗಿಂತ ಮೇಲೆ ಹೆಚ್ಚು ಕಾಣುತ್ತಿದೆಯೇ ಎಂದು ನೋಡಿಕೊಳ್ಳಬಹುದು. ಮೊಬೈಲಿನ ಮುಂದಿನ ಕ್ಯಾಮೆರಾವೂ ಇದೇ ಕೆಲಸಕ್ಕೆ ಆಗುತ್ತದೆ. ಹಾಲು ಇಳಿಯಲು ಶುರುವಾದ ಮೇಲೆ ಮಗುವಿನ ಗುಟುಕು ಕಿವಿಗೆ ಕೇಳುತ್ತದೆ. ಕುಡಿದು ಬಿಟ್ಟ ಮೇಲೆ ತೊಟ್ಟು ದುಂಡಗಿದ್ದರೆ ಸರಿ. ಒಂದು ಕಡೆಗೆ ಕಚ್ಚಿದಂತೆ ಓರೆಯಾಗಿದ್ದರೆ ಮುಂದಿನ ಸಲ ಮಗುವನ್ನು ಇನ್ನೂ ಹತ್ತಿರಕ್ಕೆ ತೆಗೆದುಕೊಳ್ಳಬೇಕು.

ಮಗುವಿಗೆ ಉಸಿರು ಕಟ್ಟೀತು ಎಂಬ ಭಯ ಎದೆ ದೊಡ್ಡದಿರುವ ಪ್ರತಿಯೊಬ್ಬ ತಾಯಿಗೂ ಇರುತ್ತದೆ, ಮತ್ತು ಈ ಭಯವನ್ನು ನಕ್ಕು ತಳ್ಳಿಹಾಕುವವರ ಮೇಲೆ ನನಗೆ ಬೇಸರವಿದೆ. ಎಳೆಮಗುವಿನ ಮೂಗಿನ ಹೊಳ್ಳೆಗಳು ಪಕ್ಕಕ್ಕೆ ಅಗಲವಾಗಿ ತೆರೆದಿರುವುದರಿಂದ ಮೂಗಿನ ತುದಿ ಎದೆಗೆ ತಾಗಿದ್ದರೂ ಅದು ಪಕ್ಕದಿಂದ ಉಸಿರಾಡುತ್ತದೆ, ಉಸಿರಿಗೆ ತೊಂದರೆಯಾದರೆ ತಾನಾಗಿಯೇ ತಲೆ ಹಿಂದಕ್ಕೆ ತೆಗೆದು ತೊಟ್ಟು ಬಿಡುತ್ತದೆ. ಆದರೆ ಹಾಗೆ ಬಿಡಲು ಅದಕ್ಕೆ ಅವಕಾಶವಿರಬೇಕು. ತಲೆಯ ಹಿಂಭಾಗವನ್ನು ಕೈಯಿಂದ ಎದೆಗೆ ಒತ್ತಿ ಹಿಡಿಯಲೇಬಾರದು ಎನ್ನುವುದು ಇದಕ್ಕಾಗಿಯೇ. ಬಂದ ನೆಂಟರು ಸಹಾಯ ಮಾಡಲೆಂದು ಮಗುವಿನ ತಲೆಯನ್ನು ಒತ್ತಿದರೆ ಹಿರಿಯರೆಂಬ ಸಂಕೋಚವಿಲ್ಲದೆ ಬೇಡವೆನ್ನಬೇಕು. ಮೂಗು ಹೂತಂತೆ ಕಂಡರೆ ಬೆರಳಿನಿಂದ ಎದೆಯನ್ನು ಒತ್ತಿ ಸಂದು ಮಾಡುವ ಅಭ್ಯಾಸ ಬಹಳ ಮಂದಿಗೆ ಇದೆ, ಅದರಿಂದ ಬಾಯೊಳಗಿನ ತೊಟ್ಟು ಸರಿದು ಹಿಡಿತ ಕೆಡುತ್ತದೆ. ಅದರ ಬದಲು ಮಗುವಿನ ಕುಂಡಿಯನ್ನು ತಾಯಿಯ ಮೈಗೆ ಇನ್ನಷ್ಟು ಹತ್ತಿರ ಸೆಳೆದುಕೊಂಡರೆ ತಲೆ ತಾನಾಗಿ ಸ್ವಲ್ಪ ಹಿಂದಕ್ಕೆ ಬಾಗಿ, ಗಲ್ಲ ಒಳಗೆ ಹೋಗಿ, ಮೂಗು ಹೊರಗೆ ಬರುತ್ತದೆ.

ಮಲಗಿ ಹಾಲೂಡಿಸುವುದು ಎದೆ ಭಾರವಿರುವವರಿಗೆ ದೊಡ್ಡ ವಿಶ್ರಾಂತಿ, ಏಕೆಂದರೆ ಭಾರವನ್ನೆಲ್ಲ ಹಾಸಿಗೆ ಹೊರುತ್ತದೆ. ಪಕ್ಕಕ್ಕೆ ತಿರುಗಿ ಮಲಗಿ, ಮಗುವನ್ನೂ ತನ್ನ ಕಡೆ ತಿರುಗಿಸಿ, ಅದರ ಮೂಗು ತೊಟ್ಟಿನ ಎದುರಿಗೆ ಬರುವಂತೆ ಮಾಡಿಕೊಂಡು ಕೆಳಗಿನ ಎದೆಯಿಂದ ಊಡಿಸಬೇಕು. ತೊಟ್ಟು ಹಾಸಿಗೆಗೆ ತೀರ ಒತ್ತಿಕೊಂಡಿದ್ದರೆ ಎದೆಯ ಕೆಳಗೆ ತೆಳುವಾದ ಬಟ್ಟೆಯ ಮಡಿಕೆ ಇಡಬಹುದು. ಹಾಸಿಗೆ ಗಟ್ಟಿಯಾಗಿರಬೇಕು, ಮಗುವಿನ ಮುಖದ ಹತ್ತಿರ ದಿಂಬು, ಸಡಿಲವಾದ ಹೊದಿಕೆ ಇರಬಾರದು, ಮತ್ತು ಸೋಫಾದ ಮೇಲೆ ಮಗುವನ್ನು ಎದೆಗೆ ಹಾಕಿಕೊಂಡು ನಿದ್ದೆ ಹೋಗುವುದು ಅಪಾಯಕಾರಿ. ನಿದ್ದೆ ತಡೆಯಲಾಗದಷ್ಟು ದಣಿವಿರುವ ರಾತ್ರಿಗಳಲ್ಲಿ ಅಮ್ಮನನ್ನೋ ಗಂಡನನ್ನೋ ಎಬ್ಬಿಸಿ ಪಕ್ಕದಲ್ಲಿ ಕೂರಿಸಿಕೊಳ್ಳುವುದು ಬಾಣಂತಿಯ ಹಕ್ಕು ಎಂದೇ ನಾನು ಭಾವಿಸುತ್ತೇನೆ.

ಹಾಲು ತುಂಬಿ ಎದೆ ಕಲ್ಲಿನಂತೆ ಬಿಗಿದಾಗ ತೊಟ್ಟು ಚಪ್ಪಟೆಯಾಗಿ ಮಗುವಿನ ಬಾಯಿಗೆ ಸಿಗುವುದೇ ಇಲ್ಲ. ಆಗ ಎರಡೂ ಕೈಗಳ ಬೆರಳ ತುದಿಗಳನ್ನು ತೊಟ್ಟಿನ ಬುಡದ ಸುತ್ತ ಇಟ್ಟು, ಪಕ್ಕೆಲುಬಿನ ಕಡೆಗೆ ಮೆಲ್ಲಗೆ ಒಂದು ನಿಮಿಷದಷ್ಟು ಒತ್ತಿ ಹಿಡಿದರೆ ಆ ಜಾಗದ ಬಾವು ಹಿಂದಕ್ಕೆ ಸರಿದು ತೊಟ್ಟು ಮೆತ್ತಗಾಗುತ್ತದೆ. ಕೈಯಿಂದ ಸ್ವಲ್ಪ ಹಾಲು ಹಿಂಡಿ ತೆಗೆದರೂ ಆದೀತು. ದಿನಕ್ಕೆ 8ರಿಂದ 12 ಸಲ ಊಡಿಸುತ್ತಿದ್ದರೆ ಈ ಬಿಗಿತ ಕೆಲವು ದಿನಗಳಲ್ಲಿ ಇಳಿಯುತ್ತದೆ. ಎಲ್ಲಾದರೂ ಗಂಟು ಕಟ್ಟಿದರೆ ಬಿಸಿ ಎಣ್ಣೆ ಹಚ್ಚಿ ಬಲವಾಗಿ ತಿಕ್ಕಿ ಒಡೆಯುವ ಪದ್ಧತಿ ನಮ್ಮ ಮನೆಗಳಲ್ಲಿದೆ. ನನ್ನ ಅಜ್ಜಿಯ ಕೈಗುಣದ ಮೇಲೆ ನನಗೆ ಅಪಾರ ಗೌರವವಿದ್ದರೂ ಈ ವಿಷಯದಲ್ಲಿ ಹೊಸ ತಿಳಿವಳಿಕೆಯೇ ಸರಿ: ಸ್ತನ್ಯಪಾನದ ವೈದ್ಯರ ಅಂತರರಾಷ್ಟ್ರೀಯ ಅಕಾಡೆಮಿ 2022ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿ ಜೋರಾಗಿ ತಿಕ್ಕುವುದರಿಂದ ಒಳಗಿನ ಊತ ಹೆಚ್ಚುತ್ತದೆ ಎನ್ನುತ್ತದೆ, ತಣ್ಣನೆಯ ಬಟ್ಟೆ ಇಡಲು ಮತ್ತು ಎಂದಿನಂತೆ ಹಾಲೂಡಿಸಲು ಹೇಳುತ್ತದೆ. ಎದೆಯ ಒಂದು ಭಾಗ ಕೆಂಪಾಗಿ, ಜ್ವರ ಬಂದು, ಒಂದು ದಿನದೊಳಗೆ ಕಡಿಮೆಯಾಗದಿದ್ದರೆ ವೈದ್ಯರ ಬಳಿ ಹೋಗಲೇಬೇಕು. ಅಂಥ ಹೊತ್ತಿನಲ್ಲೂ ಆ ಬದಿಯಿಂದ ಹಾಲೂಡಿಸುವುದನ್ನು ನಿಲ್ಲಿಸಬೇಕಾಗಿಲ್ಲ.

ಯಾರೂ ಬಾಯಿಬಿಟ್ಟು ಹೇಳದ ಇನ್ನೊಂದು ತೊಂದರೆ ಎದೆಯ ಕೆಳಗಿನ ಮಡಿಕೆಯದು. ಮಧ್ಯ ಕರ್ನಾಟಕದ ಏಪ್ರಿಲ್ ಸೆಕೆಯಲ್ಲಿ, ಕಿಟಕಿ ಮುಚ್ಚಿದ ಬಾಣಂತಿ ಕೋಣೆಯಲ್ಲಿ, ಎಣ್ಣೆ ಹಚ್ಚಿ ಸುಡುನೀರು ಹಾಕಿಸಿಕೊಂಡು ಮೈಯನ್ನು ಹೊದಿಕೆಯಲ್ಲಿ ಸುತ್ತಿಕೊಂಡರೆ ಅಲ್ಲಿ ಬೆವರೂ ಸೋರಿದ ಹಾಲೂ ನಿಂತು ಚರ್ಮ ಕೆಂಪಾಗಿ ಉರಿಯುತ್ತದೆ, ಕೆಲವೊಮ್ಮೆ ಶಿಲೀಂಧ್ರ ಸೋಂಕಾಗಿ ತುರಿಕೆ, ವಾಸನೆ ಶುರುವಾಗುತ್ತದೆ. ಸ್ನಾನದ ನಂತರ ಎದೆಯನ್ನು ಎತ್ತಿ ಆ ಜಾಗವನ್ನು ಉಜ್ಜದೆ ಒತ್ತಿ ಒರೆಸಿ, ಸ್ವಲ್ಪ ಹೊತ್ತು ಫ್ಯಾನಿನ ಗಾಳಿಗೆ ಆರಲು ಬಿಟ್ಟು, ಮೆತ್ತನೆಯ ಹಳೆಯ ಹತ್ತಿ ಬಟ್ಟೆಯ ಪಟ್ಟಿಯೊಂದನ್ನು ಮಡಿಕೆಯಲ್ಲಿ ಇಟ್ಟುಕೊಂಡು, ಅದು ಒದ್ದೆಯಾದಾಗಲೆಲ್ಲ ಬದಲಾಯಿಸುತ್ತಿದ್ದರೆ ಬಹುಪಾಲು ತೊಂದರೆ ಬರುವುದಿಲ್ಲ. ಪೌಡರ್ ಬೇಡ, ಬೆವರಿನೊಂದಿಗೆ ಅದು ಮುದ್ದೆಯಾಗುತ್ತದೆ, ಹಾರಿದ ಪುಡಿ ಮಗುವಿನ ಮೂಗಿಗೆ ಹೋಗುತ್ತದೆ. ಉರಿ ಕಡಿಮೆಯಾಗದಿದ್ದರೆ ವೈದ್ಯರು ಹಚ್ಚಲು ಮುಲಾಮು ಕೊಡುತ್ತಾರೆ, ನಾಚಿಕೆಪಟ್ಟು ಸಹಿಸಿಕೊಂಡು ಕೂರುವ ಅಗತ್ಯವಿಲ್ಲ.

ಬಟ್ಟೆಯ ವಿಷಯದಲ್ಲಿ ನಮ್ಮ ಊರುಗಳ ಅಂಗಡಿಗಳ ಮೇಲೆ ನನಗೆ ನಿಜವಾದ ದೂರಿದೆ. ದೊಡ್ಡ ಕಪ್ಪಿನ ಬ್ರಾ ಕೇಳಿದರೆ ಅದು ಇರುವುದಿಲ್ಲ, ಅದರ ಬದಲು ಸುತ್ತಳತೆ ದೊಡ್ಡದಿರುವುದನ್ನು ಕೊಟ್ಟು ಇದೇ ಆಗುತ್ತದೆ ಎನ್ನುತ್ತಾರೆ. ಆಗುವುದಿಲ್ಲ. ಎದೆಯ ಭಾರವನ್ನು ಹೊರಬೇಕಾದದ್ದು ಎದೆಯ ಕೆಳಗಿನ ಪಟ್ಟಿ. ಅದು ಸಡಿಲವಾದರೆ ಬೆನ್ನಿನಲ್ಲಿ ಮೇಲೇರುತ್ತದೆ, ಭಾರವೆಲ್ಲ ಹೆಗಲ ಪಟ್ಟಿಗಳ ಮೇಲೆ ಬಿದ್ದು ಭುಜದಲ್ಲಿ ಗೀರು ಮೂಡುತ್ತದೆ. ಗರ್ಭಿಣಿಯಾಗಿದ್ದಾಗ ಪಕ್ಕೆಲುಬು ಅಗಲವಾಗಿರುವುದರಿಂದ ಕೊನೆಯ ತಿಂಗಳಲ್ಲಿ ಕೊಳ್ಳುವಾಗ ಅತ್ಯಂತ ಸಡಿಲವಾದ ಹುಕ್ಕಿನಲ್ಲಿ ಸರಿಹೊಂದುವುದನ್ನೇ ಆರಿಸಿಕೊಂಡರೆ ಹೆರಿಗೆಯ ನಂತರ ಬಿಗಿ ಮಾಡಿಕೊಳ್ಳಲು ಆಗುತ್ತದೆ, ಮತ್ತು ಹಾಲು ತುಂಬಿದಾಗ ಬೇಕಾಗುವ ಜಾಗ ಕಪ್ಪಿನಲ್ಲಿ ಉಳಿದಿರಬೇಕು. ತಂತಿಯಿರುವುದು ಎದೆಯ ಮೇಲೆ ಗುರುತು ಮೂಡಿಸುತ್ತಿದ್ದರೆ ಅದನ್ನು ಬಿಟ್ಟುಬಿಡಬೇಕು, ಏಕೆಂದರೆ ಒಂದೇ ಜಾಗದಲ್ಲಿ ಒತ್ತಡ ಬಿದ್ದರೆ ಅಲ್ಲಿ ಹಾಲು ಕಟ್ಟಿಕೊಳ್ಳುತ್ತದೆ. ರವಿಕೆಗೂ ಇದೇ ಮಾತು ಅನ್ವಯಿಸುತ್ತದೆ: ಕೆಳಗಿನ ಎರಡು ಹುಕ್ಕು ಮಾತ್ರ ಬಿಚ್ಚಿ ಮೇಲೆ ಸರಿಸಿಕೊಂಡರೆ ಆ ಬಿಗಿಯಾದ ಅಂಚು ಎದೆಯ ಮೇಲ್ಭಾಗವನ್ನು ಅದುಮುತ್ತದೆ. ಎಲ್ಲ ಹುಕ್ಕುಗಳನ್ನೂ ಬಿಚ್ಚಿ, ಸೆರಗು ಹೊದ್ದು ಕೂರುವುದೇ ಒಳ್ಳೆಯದು. ಹಾಲು ತೆಗೆಯುವ ಪಂಪ್ ಕೊಳ್ಳುವವರು ಅದರ ಬಾಯಿಯ ಅಳತೆಯನ್ನು ತೊಟ್ಟಿನ ದಪ್ಪಕ್ಕೆ ತಕ್ಕಂತೆ ಆರಿಸಬೇಕು. ಎದೆ ದೊಡ್ಡದೆಂದು ದೊಡ್ಡದನ್ನೇ ತೆಗೆದುಕೊಳ್ಳುವ ಅಗತ್ಯವಿಲ್ಲ. ಕೆಲಸಕ್ಕೆ ಮರಳುವವರಿಗೆ ಕಾನೂನಿನ ಪ್ರಕಾರ ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಸಲ ಹಾಲೂಡಿಸುವ ಬಿಡುವು ಪಡೆಯುವ ಹಕ್ಕಿದೆ ಎಂಬುದು ತಿಳಿದಿರಲಿ.

ಹದಿಹರೆಯದಿಂದಲೂ ಎದೆ ದೊಡ್ಡದೆಂದು ಬೆನ್ನು ಬಾಗಿಸಿ ನಡೆಯುವುದನ್ನು, ದುಪಟ್ಟಾವನ್ನು ಎರಡು ಸುತ್ತು ಹೊದೆಯುವುದನ್ನು ಕಲಿತ ಹೆಣ್ಣುಮಗಳಿಗೆ ಜನ ಬಂದು ಹೋಗುವ ವಾರ್ಡಿನಲ್ಲಿ, ಮದುವೆಯ ಛತ್ರದಲ್ಲಿ, ಬಸ್ಸಿನಲ್ಲಿ ಎದೆ ತೆರೆದು ಮಗುವಿಗೆ ಹಾಲು ಕೊಡುವುದು ಎಷ್ಟು ಕಷ್ಟ ಎಂಬುದು ಅವಳಿಗೇ ಗೊತ್ತು. ಮನೆಯವರು ಮಾಡಬಹುದಾದ ಉಪಕಾರವೆಂದರೆ ಮೊದಲ ವಾರಗಳಲ್ಲಿ ಹಾಲೂಡಿಸುವ ಹೊತ್ತಿಗೆ ಬಂದವರನ್ನು ಪಡಸಾಲೆಯಲ್ಲೇ ಕೂರಿಸಿ ಮಾತಾಡಿಸುವುದು. ನನ್ನ ಅಮ್ಮ ಇದನ್ನು ತಪ್ಪದೆ ಮಾಡಿದರು, ಬಂದವರಲ್ಲಿ ಕೆಲವರು ಮುಖ ಸಣ್ಣ ಮಾಡಿಕೊಂಡರೂ ಅವರು ಲೆಕ್ಕಿಸಲಿಲ್ಲ.

ಈ ಏರ್ಪಾಡುಗಳೆಲ್ಲ ಕೊನೆಯವರೆಗೂ ಬೇಕಾಗುವುದಿಲ್ಲ. ಮಗುವಿನ ಬಾಯಿ ದೊಡ್ಡದಾಗುತ್ತದೆ, ಸುಮಾರು ಮೂರು ನಾಲ್ಕು ತಿಂಗಳಿಗೆ ಕತ್ತು ನಿಲ್ಲುತ್ತದೆ, ತೊಟ್ಟನ್ನು ಅದೇ ಹುಡುಕಿ ಹಿಡಿಯಲು ಕಲಿಯುತ್ತದೆ. ಕನ್ನಡಿ ಮೊದಲು ಬೇಡವಾಗುತ್ತದೆ, ಆಮೇಲೆ ಕಂಕುಳಡಿಯ ಹಿಡಿತ ತಾನಾಗಿ ಬಿಟ್ಟುಹೋಗುತ್ತದೆ, ಏಕೆಂದರೆ ಉದ್ದವಾದ ಕಾಲುಗಳಿಗೆ ಅಲ್ಲಿ ಜಾಗ ಸಾಲುವುದಿಲ್ಲ. ಕೂರಲು ಬಂದ ಮಗುವನ್ನು ತಾಯಿಯ ತೊಡೆಯ ಮೇಲೆ, ಎರಡೂ ಕಡೆಗೆ ಕಾಲು ಹಾಕಿ, ಎದುರುಬದುರಾಗಿ ಕೂರಿಸಿಕೊಂಡು ಊಡಿಸುವುದು ಎದೆ ಕೆಳಕ್ಕೆ ಇಳಿದಿರುವವರಿಗೆ ಬಹಳ ಸಲೀಸು. ಎದೆಯ ಕೆಳಗಿನ ಟವೆಲ್ ಸುರುಳಿ ಮಾತ್ರ ನನ್ನ ಎರಡನೆಯ ಮಗು ಹಾಲು ಬಿಡುವವರೆಗೂ ಹಾಸಿಗೆಯ ಪಕ್ಕದಲ್ಲೇ ಇತ್ತು.